ಬನಹಟ್ಟಿಯ ಓಣಿಯಲ್ಲಿ ಮಗ್ಗ ನಿಲ್ಲಿಸಿದ ಮಧ್ಯಾಹ್ನ

ಬೀಳಗಿಯಿಂದ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಜೊತೆಗೆ ನನ್ನ ಅಕ್ಕನ ಮಗಳು ಸುವರ್ಣಾ ಇದ್ದಳು. ಗಂಡ ಹೊಡೆದು ಬಲಗೈ ಮುರಿದ ಮೇಲೆ ವರ್ಷದಿಂದ ನಮ್ಮ ಮನೆಯಲ್ಲೇ ಇದ್ದವಳು, ಈಗ ಬನಹಟ್ಟಿಯ ಅದೇ ಗಂಡನ ಮನೆಗೆ ಒಮ್ಮೆ ಹೋಗಿ ನೋಡುತ್ತೇನೆ ಎಂದು ಹಠ ಹಿಡಿದಿದ್ದಳು. ಗಂಡ ಅಲ್ಲಿರಲಿಲ್ಲ. ಅವನ ಮೇಲೆ ಕೇಸು ನಡೆದಿತ್ತು. ಓಣಿಯ ಹೆಂಗಸರೇ ಠಾಣೆಗೆ ಹೋಗಿ ಕೂತು ಬರೆಸಿದ ಕೇಸು ಅದು. ಅವನು ಇಚಲಕರಂಜಿಯ ಕಡೆ ಯಾವುದೋ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಉಳಿದವಳು ಅತ್ತೆ ನೀಲವ್ವ ಒಬ್ಬಳೇ. 'ನಾಲ್ಕು ದಿನ ಇದ್ದು ನೋಡಲಿ, ಆಗದಿದ್ದರೆ ನಾವೇ ಬಸ್ಸು ಹತ್ತಿಸುತ್ತೇವೆ' ಎಂದು ಓಣಿಯವರು ಫೋನು ಮಾಡಿದ್ದರು. ನನಗಂತೂ ಸುತರಾಂ ಇಷ್ಟವಿರಲಿಲ್ಲ. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಚೀಲ ಹಿಡಿದು ಹೊರಟೆ.

ಲೋಕಾಪುರದ ಮೇಲೆ ಹೋಗುವ ಬಸ್ಸು ಸಿಕ್ಕಿತು. ಸುತ್ತು ಹೆಚ್ಚು, ಆದರೆ ಹೆಂಗಸರಿಗೆ ಟಿಕೆಟ್ಟಿನ ಚಿಂತೆ ಇಲ್ಲದ ಕಾಲ. ಕಿಟಕಿಯ ಪಕ್ಕ ಕೂತ ಸುವರ್ಣಾ ತನ್ನಷ್ಟಕ್ಕೆ ಬೆರಳುಗಳನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. ನಾನು ಬಾಯಿ ಬಿಟ್ಟೇ ಕೇಳಿದೆ, ಅಲ್ಲಿಗೇ ಯಾಕೆ ಹೋಗಬೇಕು ಎಂದು.

"ಚಿಗವ್ವ, ನೇಯೂದು ಬಿಟ್ರ ನನಗ ಬ್ಯಾರೆ ಏನ್ ಬರತೈತಿ ಹೇಳು? ಎಷ್ಟ್ ದಿನ ನಿಮ್ಮನ್ಯಾಗ ಸುಮ್ನ ಕುಂತು ಉಣ್ಲಿ?"

"ನಾ ಏನಾರ ಅಂದೇನೇನು?"

"ನೀ ಅಂದಿಲ್ಲ. ನನ್ನ ಕೈ ಅನ್ನಾಕತ್ತಾವ."

ಮುಧೋಳದಲ್ಲಿ ಇಳಿದು ಬಸ್ಸು ನಿಲ್ದಾಣದ ಎದುರು ಚುರುಮುರಿಯ ಸೂಸಲಾ, ಮಿರ್ಚಿ ಭಜಿ ತಗೊಂಡೆವು. ಬಿಸಿಬಿಸಿ ಇತ್ತು, ಹಸಿವೂ ಇತ್ತು. ಅಷ್ಟರಲ್ಲಿ ಪಕ್ಕದ ಕಬ್ಬಿನ ಹಾಲಿನ ಅಂಗಡಿಯವನು ತನ್ನ ಹಳೆಯ ಯಂತ್ರ ಶುರು ಮಾಡಿದ. ಖಟಖಟ ಸದ್ದು ಎದ್ದದ್ದೇ ತಡ, ಸುವರ್ಣಾ ತಟ್ಟೆ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಹಣೆಯಲ್ಲಿ ಬೆವರು. "ಮಗ್ಗದಂಗ ಕೇಳತೈತಿ ಚಿಗವ್ವ. ಮೈ ನಡಗತೈತಿ," ಎಂದಳು. ಕಬ್ಬಿನ ಗಾಣಕ್ಕೇ ಹೀಗಾದರೆ ಮನೆಮನೆಗೂ ಕರೆಂಟಿನ ಮಗ್ಗವಿರುವ ಊರಲ್ಲಿ ಇವಳು ಹೇಗೆ ಬಾಳ್ವೆ ಮಾಡಿಯಾಳು? ತಿರುಗಿ ಹೋಗೋಣ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಜಮಖಂಡಿ ಬಸ್ಸಿನ ಕಡೆಗೆ ನಡೆದಳು.

ಜಮಖಂಡಿಯ ದಾರಿ ಇಪ್ಪತ್ತು ಕಿಲೋಮೀಟರಿನ ಆಚೀಚೆ ಇದ್ದೀತು. ಆದರೆ ಕಬ್ಬು ಕಡಿಯುವ ಕಾಲ. ಜೋಡಿ ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ಹಾಡು ಹಚ್ಚಿಕೊಂಡು ನಿಧಾನ ಸಾಗುತ್ತಿದ್ದವು, ಅವುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಜಮಖಂಡಿಯಲ್ಲಿ ಮತ್ತೆ ಬಸ್ಸು ಬದಲಿಸಿ ಬನಹಟ್ಟಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು.

ನಿಲ್ದಾಣಕ್ಕೆ ಮಹಾದೇವಿ ಬಂದಿದ್ದಳು. ಫೋನು ಮಾಡಿದವಳು ಇವಳೇ, ನೀಲವ್ವನ ಎದುರು ಮನೆಯವಳು, ತಾನೂ ನೇಯುವವಳು. ಸುವರ್ಣಾಳ ಮುರಿದಿದ್ದ ಕೈಯನ್ನು ಹಿಡಿದು ನೋಡಿ, ಚೀಲ ಇಸಿದುಕೊಂಡಳು. ದಾರಿಯಲ್ಲಿ ನಾನು ತಡೆಯದೆ ಕೇಳಿಯೇಬಿಟ್ಟೆ: ಇಷ್ಟು ಹತ್ತಿರ ಇದ್ದೂ ನಿಮಗೆ ಒಂದು ದಿನವೂ ಇವಳ ಕೂಗು ಕೇಳಿಸಲಿಲ್ಲವೇ?

"ಕೇಳ್ಲಿಲ್ಲರೀ," ಎಂದಳು. "ಮಗ್ಗ ನಡದೈತಿ ಅಂದ್ರ ಮನ್ಯಾಗ ಎಲ್ಲಾ ಛಲೋ ಐತಿ ಅಂತ ತಿಳ್ಕೊಂಡ್ವಿ. ಮಗ್ಗ ನಿಂತ್ರ ಹೋಗಿ ಕೇಳ್ತಿದ್ವಿ, ಯಾರಿಗಾರ ಆರಾಮಿಲ್ಲೇನು ಅಂತ. ನಡದ ಮನೀಗ ಯಾರ್ ಹೋಗ್ತಾರ್ರೀ? ಖರೆ ಅಂದ್ರ ಅದು ನಮ್ಮ ಓಣಿ ತಪ್ಪು."

ಸುವರ್ಣಾಳ ಕೈ ಮುರಿದ ಮೇಲೆ ಅವರು ಹೊಸ ರೂಢಿ ಹಾಕಿಕೊಂಡಿದ್ದರು. ಯಾವ ಮನೆಯ ಬಗ್ಗೆ ಯಾರಿಗೆ ಅನುಮಾನ ಬಂದರೂ ಅವರು ತಮ್ಮ ಮಗ್ಗ ನಿಲ್ಲಿಸಬೇಕು. ಅದು ನಿಂತದ್ದು ಗೊತ್ತಾದರೆ ಪಕ್ಕದವರೂ ನಿಲ್ಲಿಸಬೇಕು. ಓಣಿಯೆಲ್ಲ ಸದ್ದಡಗಿದ ಮೇಲೆ ಹೆಂಗಸರೆಲ್ಲ ಹೋಗಿ ಆ ಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಜಗಳವಿಲ್ಲ, ಬೈಗುಳವಿಲ್ಲ, ಬಾಗಿಲು ತೆಗೆಯುವತನಕ ಸುಮ್ಮನೆ ನಿಲ್ಲುವುದು. ಅದಕ್ಕೂ ಮೀರಿದರೆ ಠಾಣೆ.

ನಾವು ಓಣಿಗೆ ಕಾಲಿಟ್ಟಾಗ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಸುವರ್ಣಾಳಿಗಾಗಿ ದುಡಿಮೆ ಬಿಟ್ಟು ನಿಲ್ಲಿಸಿದ್ದರು. ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಮಹಾದೇವಿ ಹೇಳಿದಳು: "ಒಂದೊಂದ ಚಾಲೂ ಮಾಡ್ತೇವಿ. ತಡಕೊಳ್ಳಾಕ ಆಗದಿದ್ರ ಕೈ ಎತ್ತು, ನಿಂದರಸ್ತೇವಿ. ಅವಸರ ಯಾರಿಗೂ ಇಲ್ಲ."

ಓಣಿಯ ಆ ತುದಿಯಲ್ಲಿ ಒಂದು ಮಗ್ಗ ಶುರುವಾಯಿತು. ಅದರ ಈಚೆ ಇನ್ನೊಂದು. ಸದ್ದು ಹತ್ತಿರ ಬಂದಂತೆ ಸುವರ್ಣಾಳ ಉಸಿರು ಮೇಲೆ ಮೇಲೆ ಬಂತು. ಕೈ ಎತ್ತಿದಳು. ತಕ್ಷಣ ನಿಂತವು. ಒಬ್ಬಾಕೆ ನೀರು ಕೊಟ್ಟಳು, ಇನ್ನೊಬ್ಬಾಕೆ ಬೆನ್ನ ಮೇಲೆ ಕೈಯಿಟ್ಟು, "ನನಗೂ ವರ್ಷಗಟ್ಟಲೆ ಚಿಲಕದ ಸಪ್ಪಳಾದ್ರ ಎದಿ ಝಲ್ ಅಂತಿತ್ತವ್ವ, ಈಗ ಅಷ್ಟಿಲ್ಲ," ಎಂದಳು. ಸುವರ್ಣಾ ತಲೆಯಾಡಿಸಿದಳು, ಮತ್ತೆ ಶುರುವಾದವು. ಹೀಗೆ ನಿಲ್ಲಿಸುತ್ತ ನಡೆಸುತ್ತ ಬಿಸಿಲು ಇಳಿಯುವ ಹೊತ್ತಿಗೆ ಓಣಿಯೆಲ್ಲ ಸದ್ದಾಗಿತ್ತು. ಅವಳು ಸೆರಗು ಬಿಗಿಹಿಡಿದು ಕೂತೇ ಇದ್ದಳು. ಉಳಿದದ್ದು ನೀಲವ್ವನ ಮನೆಯ ಮಗ್ಗ ಒಂದೇ.

ನೀಲವ್ವ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಒತ್ತಲಿಲ್ಲ. ಹೊರಗೆ ಬಂದು ಹೊಸ್ತಿಲಲ್ಲಿ ಕುಸಿದಳು. ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಮಹಾದೇವಿ ಕೈಸನ್ನೆ ಮಾಡಿದಳು, ಮತ್ತೆ ಎಲ್ಲ ಮಗ್ಗ ನಿಂತವು.

"ಅವ ಹೊಡಿಯೂ ಮುಂದ ಮಗ್ಗ ಚಾಲೂ ಮಾಡ್ತಿದ್ದಾಕಿ ನಾನ," ಎಂದಳು ನೀಲವ್ವ. "ಹೊರಗ ಕೇಳಬಾರದು, ಮನಿ ಮಾನ ಹೋಗಬಾರದಂತ."

ನನ್ನ ಮೈ ಉರಿದುಹೋಯಿತು. ಎದ್ದು ಹೋಗಿ ಆ ಮುದುಕಿಯ ರಟ್ಟೆ ಹಿಡಿದು ಅಲುಗಾಡಿಸಬೇಕೆನಿಸಿತು. ಮಹಾದೇವಿ ನನ್ನ ಕೈ ಹಿಡಿದು ಕೂರಿಸಿದಳು.

ಸುವರ್ಣಾ ಅಳಲಿಲ್ಲ. "ನನಗ ಗೊತ್ತಿತ್ತು ಅತ್ತಿ," ಎಂದಳು. "ಸ್ವಿಚ್ ಒತ್ತಿದ್ದು ಕೇಳಿದ ಕೂಡ್ಲೆ ನಾನೂ ಕೂಗೂದು ಬಿಡ್ತಿದ್ದೆ. ಯಾರಿಗೆ ಕೇಳಬೇಕು ಅಂತ ಕೂಗ್ಲಿ?"

ಆಮೇಲೆ ಅತ್ತೆಯ ಮುಖ ನೋಡಿ ಅಂದಳು: "ನಾಳೆ ಅವ ತಿರುಗಿ ಬಂದ್ರ ಈ ಸಲ ಕೂಗಾವ್ರು ನೀವು. ಹಾಂಗಿದ್ರ ಇರ್ತೇನಿ."

"ಕೂಗ್ತೇನವ್ವ."

"ಈಗ ಕೂಗ್ರಿ. ನಾ ಕೇಳಬೇಕು."

ನೀಲವ್ವ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದಳು, ಕೆಮ್ಮು ಬಂತು. ಜೀವಮಾನದಲ್ಲಿ ನಾಲ್ಕು ಮಂದಿಗೆ ಕೇಳುವಂತೆ ದನಿ ಎತ್ತಿದವಳಲ್ಲ ಅವಳು. ಯಾರೂ ನಗಲಿಲ್ಲ, ಸಾಕು ಬಿಡು ಅನ್ನಲೂ ಇಲ್ಲ. ಕಂಬ ಹಿಡಿದು ಎದ್ದುನಿಂತು, ಕಣ್ಣು ಮುಚ್ಚಿ ಕೂಗಿದಳು:

"ಬರ್ರೆವ್ವಾ! ನನ್ನ ಮಗ ಸೊಸಿನ್ನ ಹೊಡ್ಯಾಕತ್ತಾನ! ಬರ್ರೆವ್ವಾ!"

ವಿಷಯ ಏನೂ ಗೊತ್ತಿಲ್ಲದ ಹಿಂದಿನ ಓಣಿಯ ಹೆಂಗಸರು, ಒಬ್ಬಾಕೆ ಹಿಟ್ಟಿನ ಕೈಯಲ್ಲೇ, ಓಡಿಬಂದರು. ಅವರನ್ನು ನೋಡಿದ ಮೇಲೆ ಸುವರ್ಣಾ ಮುಖ ಮುಚ್ಚಿಕೊಂಡು ಅತ್ತಳು. ವರ್ಷದಿಂದ ನಮ್ಮ ಮನೆಯಲ್ಲಿ ಒಮ್ಮೆಯೂ ಅತ್ತಿರಲಿಲ್ಲ.

ಆ ರಾತ್ರಿ ನಾವಿಬ್ಬರೂ ಮಹಾದೇವಿಯ ಮನೆಯಲ್ಲಿ ಮಲಗಿದೆವು. ಬೆಳಿಗ್ಗೆ ನಾನೊಬ್ಬಳೇ ಚೀಲ ಎತ್ತಿಕೊಂಡೆ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅತ್ತೆ ಸೊಸೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೋಗಿ ಆ ಜಾಗದಲ್ಲಿ ಕೂತುಬಿಡಬೇಕೆಂದು ಜೀವ ಎಳೆಯಿತು. ಕೂರಲಿಲ್ಲ, ಬಸ್ಸಿನ ಕಡೆ ನಡೆದೆ.