ಸೆರಗಿನಲ್ಲಿ ಸೋಸಿದ ಕೆರೆ ನೀರು

ಗೆಳೆಯರೇ, ಇಂದು ಸಹಿ ಹಾಕಲು ಹೋದ ಕೈ ತಡೆಯಿತು. ಬಬಲೇಶ್ವರ ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ವಾಂತಿಭೇದಿ. ಅಲ್ಲಿನ ಕೆರೆ ನೀರು ಕುಡಿಯಬಹುದೇ ಎಂದು ಹೇಳಬೇಕಾದದ್ದು ನಮ್ಮ ಪ್ರಯೋಗಾಲಯ. ವರದಿಯ ಪ್ರಕಾರ ನೀರಿನಲ್ಲಿ ಕದಡೇ ಇಲ್ಲ. ಮಳೆಗಾಲದ ಕೆರೆ ಇಷ್ಟು ತಿಳಿಯೇ? ನೀರು ತಂದ ಬಸವರಾಜನನ್ನು ಕರೆದೆ.

“ಬಾಟ್ಲಿ ನೀನ ತುಂಬಿದೇನಪಾ?”

“ಹೌದ್ರಿ ಸರ. ಅಲ್ಲೊಬ್ಬಾಕಿ ಆಯಿ, ಮಂದಿಗಿ ಹಂಗ ನೀರ ಕೊಡಬಾರ್ದಪಾ ಅಂತ ಬಾಟ್ಲಿ ಬಾಯಿಗಿ ಸೀರಿ ಸೆರಗ ಹಿಡಿದ್ಳ್ರಿ.”

“ನೀ ಸುಮ್ನ ನಿಂತಿ?”

“ದೊಡ್ಡಾಕಿಗಿ ಹೆಂಗ ಬ್ಯಾಡ ಅನ್ಲಿ ಸರ? ನಮ್ಮವ್ವನೂ ಸೋಸೇ ಕೊಡತಾಳ್ರಿ.”

ಅವನನ್ನು ಮತ್ತೆ ಕೆರೆಗೆ ಕಳಿಸಿ, ಆ ನೀರು ಕುಡಿಯಬೇಡಿ ಎಂದು ಪಂಚಾಯಿತಿಗೆ ಫೋನ್ ಮಾಡಿದೆ. ಈಗ ನಾನು ಸಹಿ ಹಾಕಿದ ಹಳೆಯ ವರದಿಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಿದ್ದೇನೆ. ಇನ್ನೆಷ್ಟು ಊರುಗಳಲ್ಲಿ ಇಂಥ ಒಳ್ಳೆಯ ಅಜ್ಜಿಯರಿದ್ದಾರೋ.