ನೂರ ನಲವತ್ತೇಳನೇ ಕಿಟ್ ಯಾರದು?

ನಾನು ಸರ್ಕಾರಿ ಕೆಲಸದಿಂದ ನಿವೃತ್ತಳಾಗಿ ಆಗ ಹನ್ನೊಂದು ತಿಂಗಳಾಗಿತ್ತು. ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಮೂವತ್ತೊಂದು ವರ್ಷ, ಮೊದಲು ನರ್ಸಮ್ಮನಾಗಿ, ಆಮೇಲೆ ಹಿರಿಯ ಆರೋಗ್ಯ ಸಹಾಯಕಿಯಾಗಿ ತಿರುಗಿದವಳು. ಮನೆಯಲ್ಲಿ ಕೂತು ಕಾಲು ಹಿಡಿದುಕೊಂಡಿದ್ದವು. ಅಷ್ಟರಲ್ಲಿ ಒಂದು ಕ್ಯಾನ್ಸರ್ ಸಂಶೋಧನಾ ಯೋಜನೆಯವರು ಫೀಲ್ಡ್ ಸೂಪರ್‌ವೈಸರ್ ಕೆಲಸಕ್ಕೆ ಕರೆದರು, ಹೋದೆ. ನಾನು ಸ್ವಲ್ಪ ಬಾಯಿ ಜೋರಿನವಳು, ರಿಜಿಸ್ಟರಿನ ವಿಷಯದಲ್ಲಂತೂ ಪೂರಾ ರಾಕ್ಷಸಿ ಎಂದು ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗಿಯರೆಲ್ಲ ಹೇಳುತ್ತಾರೆ. ಅಂಥ ನನ್ನನ್ನೇ ತಲೆಕೆಳಗು ಮಾಡಿದ ಪ್ರಸಂಗ ಇದು. ಹೆಸರುಗಳನ್ನು ಬದಲಿಸಿದ್ದೇನೆ.

ಯೋಜನೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿಗೆ ಬಹುಪಾಲು ಎಚ್‌ಪಿವಿ ಎಂಬ ವೈರಸ್ ಕಾರಣ. ಅದು ದೇಹದಲ್ಲಿ ಉಳಿದುಕೊಂಡರೆ ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಮೊದಲೇ ಪತ್ತೆಯಾದರೆ ಕ್ಯಾನ್ಸರ್ ಆಗುವ ಮುಂಚೆಯೇ ತೆಗೆದುಹಾಕಬಹುದು. ಆದರೆ ನಮ್ಮ ಹೆಂಗಸರು ಪರೀಕ್ಷೆಯ ಟೇಬಲ್ ಹತ್ತುವುದಿಲ್ಲ. ಅದಕ್ಕೆ ಹೊಸ ದಾರಿಯೊಂದನ್ನು ಕ್ಲಿನಿಕಲ್ ಟ್ರಯಲ್ ಮಾಡಿ ನೋಡುತ್ತಿದ್ದರು. ಮನೆಗೇ ಒಂದು ಕಿಟ್ ಕೊಡುವುದು. ಹೆಂಗಸು ಬಚ್ಚಲಲ್ಲಿ ತಾನೇ ಸಣ್ಣ ಬ್ರಷ್ಷಿನಿಂದ ಸ್ಯಾಂಪಲ್ ತೆಗೆದು ಕೊಳವೆಗೆ ಹಾಕಿ ವಾಪಸ್ ಕೊಡುವುದು. ಯಾವ ಊರಿಗೆ ಕಿಟ್, ಯಾವ ಊರಿನವರನ್ನು ಮಾಮೂಲಿನಂತೆ ಆಸ್ಪತ್ರೆಗೇ ಕರೆಯುವುದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚಿತ್ತು. ಎರಡು ಗುಂಪಿನಲ್ಲಿ ಯಾವುದರಲ್ಲಿ ಹೆಚ್ಚು ಹೆಂಗಸರು ಪರೀಕ್ಷೆಗೆ ಸಿಗುತ್ತಾರೆಂದು ಹೋಲಿಸಬೇಕು. ಕಿಟ್ ಊರಿನ ಕಿಟ್ ಇನ್ನೊಂದು ಊರಿಗೆ ಹೋದರೆ ಲೆಕ್ಕವೆಲ್ಲ ಕಲಸುಮೇಲೋಗರ.

ಗೌರಿ ಹಬ್ಬದ ಮಾರನೇ ದಿನ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ ಕಿಟ್ ಹಂಚಲು ಹೋಗಿದ್ದೆ. ಲಕ್ಕಮ್ಮನ ಮನೆಯಲ್ಲಿ ಅವಳ ನಾದಿನಿ ಸುಜಾತ ಹಬ್ಬಕ್ಕೆ ತವರಿಗೆ ಬಂದಿದ್ದಳು. ಸುಜಾತಳನ್ನು ಕೊಟ್ಟಿರುವುದು ಪಾವಗಡದ ಆಚೆ, ತಿರುಮಣಿ ಕಡೆಯ ಹಳ್ಳಿಗೆ. ನಾನು ವಿವರಿಸಿದ್ದನ್ನೆಲ್ಲ ಅತ್ತಿಗೆಗಿಂತ ಹೆಚ್ಚು ಗಮನ ಕೊಟ್ಟು ಕೇಳಿದವಳು ಅವಳೇ.

"ನಂಗೂ ಒಂದು ಕೊಡ್ತೀರಾ ಸಿಸ್ಟ್ರೇ?" ಎಂದಳು.

"ನಿಮ್ಮೂರು ಆಸ್ಪತ್ರೆ ಗುಂಪಲ್ಲಿದೆ ಕಣಮ್ಮ. ಅಲ್ಲೇ ಕರೀತಾರೆ, ಹೋಗಿ ತೋರಿಸ್ಕೋ" ಎಂದೆ. ಅವಳು ಮತ್ತೆ ಕೇಳಲಿಲ್ಲ. ರಿಜಿಸ್ಟರಿನಲ್ಲಿ 'ಅರ್ಹರಲ್ಲದವರು' ಎಂಬ ಪುಟವಿತ್ತು. ಅವಳ ಹೆಸರು ಬರೆದು, ಕಾರಣ ಎಂಬ ಕಾಲಮ್ಮಿನಲ್ಲಿ 'ಈ ಊರಿನವಳಲ್ಲ' ಎಂದು ನಮೂದಿಸಿದೆ. ಲಕ್ಕಮ್ಮನಿಗೆ ಕಿಟ್ ಕೊಟ್ಟೆ. ನಂಬರು ನೂರ ನಲವತ್ತೇಳು. ಗರ್ಭಕೋಶ ತೆಗೆಸಿದ್ದಾರಾ ಎಂಬ ಪ್ರಶ್ನೆಗೆ ಆಕೆ 'ಇಲ್ಲ' ಎಂದಳು, ನಾನು ಟಿಕ್ ಹಾಕಿದೆ. ಅರ್ಧ ಗಂಟೆಗೆ ಕೊಳವೆ ವಾಪಸ್ ಬಂತು. ಒಬ್ಬಟ್ಟೂ ತಿಂದು ಬಂದೆ.

ಎರಡು ವಾರಕ್ಕೆ ಲ್ಯಾಬಿನಿಂದ ಫಲಿತಾಂಶ ಬಂತು. ನೂರ ನಲವತ್ತೇಳು ಪಾಸಿಟಿವ್, ಅದೂ ಹೆಚ್ಚು ಅಪಾಯದ ಬಗೆಯ ವೈರಸ್. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ಗರ್ಭಕೋಶದ ಬಾಯನ್ನು ಭೂತಗನ್ನಡಿಯಂಥ ಯಂತ್ರದಲ್ಲಿ ನೋಡಬೇಕು, ಅಷ್ಟೆ. ಅದಕ್ಕೆ ಕಾಲ್ಪೊಸ್ಕೋಪಿ ಎನ್ನುತ್ತಾರೆ. ಲಕ್ಕಮ್ಮನನ್ನು ಮಧುಗಿರಿಯ ನಮ್ಮ ಕ್ಲಿನಿಕ್ಕಿಗೆ ಕರೆಸಿದೆ. ಬರಲು ಎರಡು ಸಲ ತಪ್ಪಿಸಿಕೊಂಡಳು. ಮೂರನೇ ಸಲ ನಾನೇ ಹೋಗಿ ಬಸ್ ಹತ್ತಿಸಿಕೊಂಡು ಬಂದೆ. ಪರೀಕ್ಷೆ ಮಾಡಿದ ನಮ್ಮ ಡಾಕ್ಟರು ಐದೇ ನಿಮಿಷಕ್ಕೆ ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ಈಕೆಗೆ ಗರ್ಭಕೋಶವೇ ಇಲ್ಲವಲ್ಲ ಸಿಸ್ಟರ್. ಹಳೇ ಆಪರೇಷನ್. ಇದು ಇವರ ಸ್ಯಾಂಪಲ್ಲೇ ಹೌದಾ?"

ಲಕ್ಕಮ್ಮನನ್ನು ಕೇಳಿದರೆ, "ನಂಗೇನ್ ಗೊತ್ತು, ನೀವು ಕೊಟ್ರಿ, ನಾನು ಕೊಟ್ಟೆ" ಎಂದು ಸೀರೆಯ ಸೆರಗು ಹಿಂಡುತ್ತಾ ಕೂತಳು. ಅಂದರೆ ಲೇಬಲ್ ಅದಲುಬದಲಾಗಿರಬೇಕು. ಮುಂದಿನ ನಂಬರಿನ ಹೆಂಗಸು ಶಾಲೆಯ ಟೀಚರು. ಆಕೆಯನ್ನು ಮತ್ತೆ ಕರೆಸಿದೆ, ಎಲ್ಲ ಸರಿಯಿತ್ತು. "ಹೋದ ವಾರ ಏನೂ ಇಲ್ಲ ಅಂದ್ರಿ, ಈ ವಾರ ಬನ್ನಿ ಅಂತೀರಿ, ಹುಡುಗಾಟನಾ?" ಎಂದು ಆಕೆ ಉಗಿದರು, ಉಗಿಸಿಕೊಂಡೆ. ಲ್ಯಾಬಿನವರು ಎರಡು ಸಲ ನೋಡಿ ಲೇಬಲ್ ಸರಿಯಿದೆ ಎಂದರು. ನಾನು ನಂಬಲಿಲ್ಲ. ಆಮೇಲೆ ನನ್ನ ಕಣ್ಣನ್ನೇ ನಂಬಲಿಲ್ಲ. ಎಲ್ಲೋ ಒಬ್ಬ ಹೆಂಗಸಿನ ಒಳಗೆ ಅದು ಇದೆ, ಅವಳಿಗೇ ಗೊತ್ತಿಲ್ಲ, ಕಾಗದ ಮಾತ್ರ ನನ್ನ ಕೈಯಲ್ಲಿದೆ.

ನಾಲ್ಕನೇ ದಿನ ರಿಜಿಸ್ಟರನ್ನು ಮೊದಲ ಪುಟದಿಂದ ಓದಿದೆ. 'ಅರ್ಹರಲ್ಲದವರು' ಪುಟದಲ್ಲಿ ನನ್ನದೇ ಅಕ್ಷರ: ಸುಜಾತ, ಈ ಊರಿನವಳಲ್ಲ. ಆವತ್ತು ಅವಳು ಕೇಳಿದ ದನಿ ಆಗ ನೆನಪಾಯಿತು. ಎಂಥ ದಡ್ಡಿ ನಾನು.

ಸೀದಾ ಲಕ್ಕಮ್ಮನ ಮನೆಗೆ ಹೋದೆ. ಹೊರಜಗಲಿಯ ಮೇಲೆ ಕಡಲೇಕಾಯಿ ಬಿಡಿಸುತ್ತಿದ್ದಳು. ನಾನು ಸುಜಾತ ಎಂಬ ಹೆಸರು ಎತ್ತಿದ್ದೇ ಕೈ ನಿಂತಿತು.

"ಹೂಂ ಕಣ್ರೀ, ಸುಳ್ಳೇಳ್ದೆ. ಗೌರಿ ಹಬ್ಬಕ್ಕೆ ಬಂದಿರೋ ಮನೆಮಗಳು ಬಾಯ್ಬುಟ್ಟು ಕೇಳುದ್ಲು, ನೀವು ಇಲ್ಲ ಅಂದ್ಬುಟ್ರಿ. ನಂಗೆ ಗರ್ಬಕೋಸ ತೆಗ್ಸಿ ನಾಕು ವರ್ಸ ಆಯ್ತು, ನಾನಿಟ್ಕಂಡು ಏನ್ಮಾಡ್ಲಿ? ಇಸ್ಕಂಡು ಅವ್ಳಿಗೆ ಕೊಟ್ಟೆ. ಬಾಗಿನ ಕೊಡಕಿಲ್ವಾ, ಅಂಗೆ."

ನಾನು ಬೈಯಲು ಶುರುಮಾಡಿದೆ. ಒಪ್ಪಿಗೆ ಪತ್ರ, ಟ್ರಯಲ್, ನಿಯಮ, ಎಲ್ಲ ಹೇಳಿದೆ. ಅವಳು ಕೊನೆಗೆ ಒಂದೇ ಮಾತು ಹೇಳಿದಳು: "ನಮ್ಮತ್ತೆ ಇದ್ರಾಗೇ ಹೋಗಿದ್ದು. ಎಂಟು ತಿಂಗ್ಳು ಅವ್ರ ಬಟ್ಟೆ ಒಗ್ದೋಳು ನಾನು. ಅವ್ರ ಮಗ್ಳು ಕಣ್ರೀ ಇವ್ಳು."

ಬೈಗುಳ ಬಿಟ್ಟು ಅವಳ ಪಕ್ಕ ಜಗಲಿಯ ಮೇಲೆ ಕೂತೆ. ಸುಜಾತ ತನ್ನೂರಿನ ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, ಅಲ್ಲಿ ಹೋದ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರುತ್ತದಂತೆ. ತಾಯಿಯ ಕಾಯಿಲೆ ಮಗಳಿಗೂ ಬಂತು ಎಂದು ಗಂಡನ ಮನೆಯವರು ದೂರ ಇಟ್ಟಾರೆಂಬ ಭಯ. ಫೋನು ಅತ್ತೆಯ ಕೈಯಲ್ಲಿರುತ್ತದೆ. ಮೊನ್ನೆ ತಾನೇ ಬಂದು ಹೋದವಳನ್ನು ಮತ್ತೆ ಕರೆಸಲು ನೆಪವಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು, "ಆ ಸ್ಯಾಂಪಲ್ ಟ್ರಯಲ್ಲಿಗೆ ಅಮಾನ್ಯ, ಆ ಹೆಂಗಸಿಗೆ ಅಮಾನ್ಯ ಅಲ್ಲ. ಆದರೆ ಫಲಿತಾಂಶ ಅವರಿಗೇ, ಒಬ್ಬರಿಗೇ ಹೇಳಬೇಕು. ಮನೆಯವರ ಮುಂದೆ ಒಂದು ಮಾತೂ ಬೇಡ" ಎಂದರು. ನಾನು ಪಾವಗಡದ ಬಸ್ ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ, ಒಂದೂ ಹೊಳೆಯಲಿಲ್ಲ.

ತಿರುಮಣಿ ಹತ್ತಿರ ಇಳಿದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು. ಸುಜಾತಳ ಗಂಡ ಅವುಗಳನ್ನು ತೊಳೆಯುವ ಕೆಲಸಕ್ಕೆ ಹೋಗಿದ್ದ. ಅವಳ ಅತ್ತೆ ಬಾಗಿಲಲ್ಲೇ ಇದ್ದರು. ಸುಜಾತ ನನ್ನ ಮುಖ ನೋಡಿದ್ದೇ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಅತ್ತೆಯ ಕಡೆ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಅತ್ತೆ ಉಪಚಾರದ ಹೆಂಗಸು. ಮಜ್ಜಿಗೆ ಕೊಟ್ಟು ನನ್ನ ಎದುರಿಗೇ ಕೂತರು, ಏಳುವ ಲಕ್ಷಣವೇ ಇಲ್ಲ. ಕಾಲು ಗಂಟೆ ಮಳೆ ಬೆಳೆ ಮಾತಾಡಿದೆ.

"ಅದಿ ಸರೇ, ಇಷ್ಟು ದೂರ ಏನ್ ಪನಿ ಮೇಲೆ ಬಂದ್ರಿ?" ಎಂದು ಆಕೆ ಆ ಗಡಿ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ, ಏನು ಕೆಲಸದ ಮೇಲೆ ಬಂದಿರೆಂದು ಕೇಳಿಯೇಬಿಟ್ಟರು.

ನನ್ನ ಬಾಯಿಂದ ಹೊರಟಿತು: "ಇವಳ ಅತ್ತಿಗೆ ಹೇಳಿ ಕಳಿಸಿದ್ದಾರೆ. ಮಾಲಯ ಅಮಾಸೆಗೆ ಇವಳ ಅವ್ವನಿಗೆ ಎಡೆ ಇಡಬೇಕಂತೆ. ಈ ಸಲ ಮಗಳು ಇರಲೇಬೇಕಂತೆ."

ಮೂರು ದಶಕ ಹೆಂಗಸರಿಗೆ ನಿಜ ಹೇಳಿ ಎಂದು ಗದರಿದ ಬಾಯಿ. ಲಕ್ಕಮ್ಮ ಹೇಳಿದ್ದು ಒಂದೇ ಪದದ ಸುಳ್ಳು, ನಾನು ತೀರಿಹೋದವರ ಹೆಸರಲ್ಲಿ ಕಥೆಯನ್ನೇ ಕಟ್ಟಿದ್ದೆ. ಅತ್ತೆ ಒಂದು ಗಳಿಗೆ ಸೊಸೆಯನ್ನು ನೋಡಿದರು. "ಪೆದ್ದೋಳ್ಳ ಪಂಡಗ ಅಂದ್ರೆ ಬೇಡ ಅನ್ನಕ್ಕಾಯ್ತದಾ? ಪೋಯಿ ರಾನಿ" ಎಂದರು. ಹಿರಿಯರ ಹಬ್ಬ, ಹೋಗಿ ಬರಲಿ.

ಅಮಾವಾಸ್ಯೆಯ ದಿನ ಲಕ್ಕಮ್ಮ ನಿಜಕ್ಕೂ ಎಡೆ ಇಟ್ಟಿದ್ದಳು. ಹಿತ್ತಲಲ್ಲಿ ಸುಜಾತಳಿಗೆ ವಿಷಯ ಹೇಳಿದೆ. "ಅವ್ವುನ್ದು ನಂಗೂ ಬಂತಾ?" ಎಂದಳು. ಇನ್ನೂ ಗೊತ್ತಿಲ್ಲ, ನೋಡಿದರೆ ತಾನೇ ತಿಳಿಯುವುದು ಎಂದೆ. ಅವಳ ಒಪ್ಪಿಗೆ ಪತ್ರಕ್ಕೆ ಆಗ ಅವಳೇ ಸಹಿ ಹಾಕಿದಳು. ಮಾರನೇ ದಿನ ಕಾಲ್ಪೊಸ್ಕೋಪಿಯಲ್ಲಿ ಗರ್ಭಕೋಶದ ಬಾಯಿಯ ಮೇಲೆ ಬಿಳಿಯ ಮಚ್ಚೆ ಕಂಡಿತು. ಅದರ ಚೂರನ್ನು ಲ್ಯಾಬಿಗೆ ಕಳಿಸಿದಾಗ ಕ್ಯಾನ್ಸರಿಗೆ ಒಂದು ಮೆಟ್ಟಿಲು ಹಿಂದಿನ ಹಂತ ಎಂದು ವರದಿ ಬಂತು. ತುಮಕೂರಿನಲ್ಲಿ ತೆಳು ತಂತಿಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದರು. ಬೆಳಿಗ್ಗೆ ಹೋದವಳು ಸಂಜೆ ಲಕ್ಕಮ್ಮನ ಮನೆಗೆ. ವರ್ಷದ ನಂತರದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಆ ಕಾಗದ ಓದಿ ನಾನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಆಪರೇಷನ್ ಆದ ಮೇಲೆ ಸುಜಾತ ಧೈರ್ಯ ಮಾಡಿ ತನ್ನ ಅತ್ತೆಗೆ ಎಲ್ಲ ಹೇಳಿದಳಂತೆ. ಆಕೆ, "ಮುಂದೇ ಚೆಪ್ಪಕೂಡದಾ? ನಾನೇನ್ ಪುಲಿನಾ?" ಎಂದರಂತೆ, ಮೊದಲೇ ಹೇಳಬಾರದಿತ್ತೇ ಎಂದು. ನಿಜವಾಗಿ ಆಕೆ ಹುಲಿಯಾಗುತ್ತಿರಲಿಲ್ಲವೋ, ಎಲ್ಲ ಸುಸೂತ್ರವಾದ ಮೇಲೆ ಹಾಗೆ ಅಂದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಸುಜಾತಳ ಊರಿನಲ್ಲಿ ಆಸ್ಪತ್ರೆಗೆ ಹೋಗದೆ, ಸುಳ್ಳು ಹೇಳುವ ಅತ್ತಿಗೆಯೂ ಇಲ್ಲದೆ ಉಳಿದ ಹೆಂಗಸರು ಎಷ್ಟು ಮಂದಿ? ಹೋಲಿಸಿ ನೋಡದೆ ಹೊಸ ದಾರಿ ಒಳ್ಳೆಯದೆಂದು ಯಾರಿಗೂ ತಿಳಿಯದು ಎಂದು ಡಾಕ್ಟರು ಹೇಳುತ್ತಾರೆ. ಅದೂ ಸರಿಯೇ. ಎರಡೂ ಸರಿಯೆನಿಸಿ ತಲೆ ಕೆಡುತ್ತದೆ.

ನಿಯಮ ತಪ್ಪಿದ್ದಕ್ಕೆ ನಾನು ವರದಿ ಬರೆಯಬೇಕಿತ್ತು. ಕಿಟ್ ನಂಬರು, ತಾರೀಖು, ಏನಾಯಿತು ಎಂಬುದನ್ನೆಲ್ಲ ಬರೆದೆ. ನಾನು ಹೇಳಿದ ಸುಳ್ಳನ್ನೂ ಬಿಡದೆ ಬರೆದೆ. ಕೊನೆಗೆ ಕಾರಣ ಎಂಬ ಕಾಲಮ್ ಉಳಿಯಿತು. 'ತಪ್ಪು ಮಾಹಿತಿ' ಎಂದು ಬರೆದು ಹೊಡೆದುಹಾಕಿದೆ. 'ಸೂಪರ್‌ವೈಸರಳ ಅಜಾಗ್ರತೆ' ಎಂದು ಬರೆದೆ, ಅದೂ ಪೂರ್ತಿ ನಿಜ ಎನಿಸಲಿಲ್ಲ. ಹೆಣ್ಣಿಗೆ ಎರಡು ಊರು ಇರುತ್ತವೆ, ನಮ್ಮ ಫಾರಮ್ಮಿನಲ್ಲಿ ಜಾಗ ಇದ್ದದ್ದು ಒಂದಕ್ಕೆ. ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ. ಈಗ ಯಾವ ಮನೆಗೆ ಹೋದರೂ ಮೊದಲು, ಯಾರು ಬಂದಿದ್ದಾರೆ ಎಂದು ಕೇಳುತ್ತೇನೆ. ಆವತ್ತು ಆ ಕಾಲಮ್ಮಿನಲ್ಲಿ 'ಈ ಊರಿನ ಮಗಳು' ಎಂದು ಬರೆದು ಕಳಿಸಿದೆ. ಇದು ಕಾರಣವಾಗುವುದಿಲ್ಲ, ಸರಿಪಡಿಸಿ ಎಂದು ಮೇಲಿನ ಆಫೀಸಿನಿಂದ ವಾಪಸ್ ಬಂತು. ಅದನ್ನೇ ಇನ್ನೊಮ್ಮೆ ದುಂಡಗೆ ಬರೆದು ಕಳಿಸಿದೆ.