ಅಕ್ಕನ ಪ್ರಾರ್ಥನೆ ನಿಂತುಹೋದ ವಾರ

ನಮ್ಮ ಚಾಮರಾಜಪೇಟೆಯ ಚರ್ಚಿನ ಸಭೆಯಲ್ಲಿ ನನಗೆ ಚೆನ್ನಾಗಿ ಪ್ರಾರ್ಥನೆ ಮಾಡುವವಳು ಅಂತ ಹೆಸರಿತ್ತು. ಗೃಹಪ್ರವೇಶ ಇರಲಿ, ಯಾರದೋ ಹೊಸ ಸ್ಕೂಟರ್ ಇರಲಿ, "ಅಕ್ಕಾ, ನೀವೇ ಒಂದ್ ಪ್ರಾರ್ಥನೆ ಮಾಡ್ಬಿಡಿ" ಅನ್ನುತ್ತಿದ್ದರು. ಮಾಡಿಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವಳಿಗೆ ಮಾತಿಗೇನು ಬರ? ಮಧ್ಯೆ ಒಂದು ಕಣ್ಣು ತೆರೆದು, ಯಾರ್ಯಾರಿಗೆ ಅಳು ಬಂದಿದೆ ಅಂತ ನೋಡುತ್ತಿದ್ದದ್ದೂ ಉಂಟು. ದೇವರಿಗೆ ಗೊತ್ತಿದ್ದ ವಿಷಯ, ನಿಮಗೂ ಗೊತ್ತಿರಲಿ.

ಹೀಗಿರುವಾಗ ನನ್ನ ಗಂಡನ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ಸೂಜಿ ಹಾಕಿ ಪರೀಕ್ಷೆಗೆ ಕಳಿಸಿ, ರಿಪೋರ್ಟಿಗೆ ಒಂದು ವಾರ ಬೇಕು ಅಂದರು. ಗಂಟು ಅವರಿಗೆ, ಸಂಕಟ ನನಗೆ. ಅವರು ಪೇಪರಿನ ಪದಬಂಧ ತುಂಬುತ್ತ ಕೂತರು. ನಾನು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ "ಪರಲೋಕದ ತಂದೆಯೇ" ಅಂದೆ. ಮುಂದೆ ಒಂದು ಮಾತೂ ಹೊರಡಲಿಲ್ಲ. ಊರಿನವರ ಕಾಯಿಲೆಗೆಲ್ಲ ಧಾರಾಳವಾಗಿ ನಂಬಿಕೆ ಬಡಿಸಿದವಳಿಗೆ ಸ್ವಂತ ಮನೆಗೆ ಒಂದು ಸೌಟೂ ಉಳಿದಿರಲಿಲ್ಲ. ಅಸಲಿಗೆ ಆ ಕಡೆ ಕೇಳುವವರು ಯಾರಾದರೂ ಇದ್ದಾರಾ ಅನ್ನುವ ಅನುಮಾನ ಬೇರೆ.

ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಿನಗಾಗ್ದಿದ್ರೆ ಬಿಡು. ನಾನು ಬೆಳಿಗ್ಗೆ ಹಲ್ಲುಜ್ಜೋವಾಗ ಮಾಡಿದೀನಿ."

"ಏನಂತ?"

"ಸ್ವಲ್ಪ ನೋಡ್ಕೊಳಪ್ಪಾ ಅಂತ."

ನನಗೆ ಮೈ ಉರಿದುಹೋಯಿತು.

ಆ ಗುರುವಾರವೇ ಹೆಂಗಸರ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲಿ. ಗಂಟಿನ ವಿಷಯ ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಹತ್ತು ಜನ ಬಂದು ಚಾಪೆಯ ಮೇಲೆ ಕೂತರು. ಬಿನ್ನಿಪೇಟೆಯಿಂದ ಆಟೋದಲ್ಲಿ ದೊಡ್ಡಮ್ಮನೂ ಬಂದರು. ನನಗೆ ನೆಂಟರಲ್ಲ, ಎಂಬತ್ತು ದಾಟಿದ ನಿವೃತ್ತ ನರ್ಸು, ಇಡೀ ಸಭೆಗೇ ದೊಡ್ಡಮ್ಮ. ನಮ್ಮ ಪಾದ್ರಿ ಅಯ್ಯನವರು ಕೂಡ ಅವರೆದುರು ಪ್ರಸಂಗ ಚಿಕ್ಕದು ಮಾಡುತ್ತಿದ್ದರು.

"ಶುರು ಮಾಡಮ್ಮ," ಅಂದರು ನನಗೆ.

"ಗಂಟಲು ಸರಿಯಿಲ್ಲ ದೊಡ್ಡಮ್ಮ. ಇವತ್ತು ಬೇರೆ ಯಾರಾದ್ರೂ..."

"ಈಗ ತಾನೇ ಫೋನಲ್ಲಿ ಗ್ಯಾಸಿನವನಿಗೆ ಬೈತಿದ್ದೆಯಲ್ಲ, ಗೇಟಿನ ತನಕ ಕೇಳಿಸ್ತು."

ಬೇರೆ ದಾರಿಯಿರಲಿಲ್ಲ. ಕಣ್ಣು ಮುಚ್ಚಿದೆ. ಮೇಲಿನ ಮನೆಯ ಮಿಕ್ಸಿ ಶಬ್ದ ನಿಂತಿತು. ಆಗ ಬಾಯಿಗೆ ಬಂದದ್ದು ಇಷ್ಟು:

"ಕರ್ತನೇ, ನೀನು ಇದೀಯೋ ಇಲ್ವೋ ನನಗೆ ಗೊತ್ತಾಗ್ತಿಲ್ಲ. ಇವರ ಕತ್ತಲ್ಲಿ ಗಂಟಾಗಿದೆ. ನನಗೆ ತುಂಬಾ ಭಯ ಆಗ್ತಿದೆ. ಇದ್ರೆ ನೋಡು. ಆಮೆನ್."

ಯಾರೂ ಆಮೆನ್ ಅನ್ನಲಿಲ್ಲ. ನಾಳೆ ಬೆಳಿಗ್ಗೆ ಅಯ್ಯನವರು ಬೈಬಲ್ ಹಿಡಿದು ಬಾಗಿಲಿಗೆ ಬರುವುದು ಖಾತ್ರಿ ಅಂದುಕೊಂಡು, ಅಭ್ಯಾಸಬಲದಿಂದ ಒಂದು ಕಣ್ಣು ತೆರೆದೆ. ದೊಡ್ಡಮ್ಮನೂ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಇಬ್ಬರೂ ಕಳ್ಳರಂತೆ ಕಣ್ಣು ಮುಚ್ಚಿಕೊಂಡೆವು.

"ಆಮೆನ್!" ಅಂದರು ದೊಡ್ಡಮ್ಮ, ಗಟ್ಟಿಯಾಗಿ. "ವಾರ್ಡಲ್ಲಿ ಪ್ರಾರ್ಥನೆ ಮಾಡ್ತಾ ಎಷ್ಟೋ ಸಲ ನನಗೂ ಗೋಡೆ ಹತ್ರ ಮಾತಾಡ್ತಿದೀನಿ ಅನ್ಸಿದೆ."

"ಮತ್ತೆ ಯಾಕೆ ಮಾಡ್ತಿದ್ರಿ?"

"ಸುಮ್ನಿದ್ರೆ ಭಯ ಇನ್ನೂ ಜಾಸ್ತಿಯಾಗ್ತಿತ್ತು."

ಮೂಲೆಯಲ್ಲಿದ್ದ, ಯಾವಾಗಲೂ ಭಕ್ತಿಯಿಂದ ತಲೆ ಬಾಗಿಸಿ ಕೂರುವ ಹೆಂಗಸು ಮೆಲ್ಲಗೆ, "ನಾನು ಆರು ತಿಂಗಳಿಂದ ಬರೀ ತುಟಿ ಆಡಿಸ್ತಿದೀನಿ ಅಕ್ಕಾ" ಅಂದಳು. ಇನ್ನೊಬ್ಬಳು ತಾನು ದೇವರ ಜೊತೆ ಮಾತು ಬಿಟ್ಟಿರುವುದಾಗಿ ಹೇಳಿದಳು, ನಾದಿನಿಯ ಜೊತೆ ಮಾತು ಬಿಟ್ಟ ಹಾಗೆ. ಯಾರೋ ಕಿಸಕ್ಕೆಂದರು. ಆಮೇಲೆ ನಗುವುದೋ ಅಳುವುದೋ ಗೊತ್ತಾಗದೆ ಎಲ್ಲರೂ ಎರಡೂ ಮಾಡಿದೆವು. ಅರ್ಧ ಗಂಟೆಯ ಕೂಟ ಎರಡು ಗಂಟೆಯಾಯಿತು. ಕಾಫಿ ಎರಡು ಸಲ ಕಾಸಿದೆ. ನನ್ನ ಗಂಡ ರೂಮಿನಿಂದ ಇಣುಕಿ, "ಯಾರದಾದ್ರೂ ಮದುವೆ ಗೊತ್ತಾಯ್ತಾ?" ಅಂತ ಕೇಳಿದರು.

ರಿಪೋರ್ಟ್ ಬಂತು. ಕೆಟ್ಟ ಗಂಟಲ್ಲ, ಆದರೂ ತೆಗೆಸಿದರೆ ಒಳ್ಳೆಯದು ಅಂದರು, ತೆಗೆಸಿದೆವು. ಅವರನ್ನು ನೋಡಲು ಆಸ್ಪತ್ರೆಗೆ ಬಂದ ದೊಡ್ಡಮ್ಮನ ಹತ್ತಿರ, ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ರಿಪೋರ್ಟ್ ಬೇರೆ ಥರ ಬಂದಿದ್ರೆ ಏನ್ ಮಾಡ್ತಿದ್ವಿ ದೊಡ್ಡಮ್ಮ?"

"ಇನ್ನೇನು? ಹತ್ತು ಜನಾನೂ ಮತ್ತೆ ನಿಮ್ಮನೆಗೆ ಬರ್ತಿದ್ವಿ," ಅಂದವರು, ಮಂಚದ ಪಕ್ಕದ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು ಕೂತು, ನರ್ಸ್ ಸರಿಯಾಗಿ ಬ್ಯಾಂಡೇಜ್ ಕಟ್ಟಿಲ್ಲ ಅಂತ ಗೊಣಗತೊಡಗಿದರು.